ಮನೆ ನಡೆಸುವುದೂ ಒಂದು ಸೇವೆ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಡಿದ ಭಾಷಣದ ಬರಹ ರೂಪ)

 

ಪ್ರತಿ ವರ್ಷ ಈ ಸಭೆಯಲ್ಲಿ ನಾವು ಅಂಕಗಳ ಬಗ್ಗೆ ಮಾತಾಡುತ್ತೇವೆ. ಎಷ್ಟು ಮಕ್ಕಳು ಪ್ರಥಮ ದರ್ಜೆಯಲ್ಲಿ ಪಾಸಾದರು, ಯಾರು ಪಿಯುಸಿ ಸೇರಿದರು, ಯಾರು ಡಿಪ್ಲೊಮಾಕ್ಕೆ ಹೋದರು ಎಂದು ಹೇಳಿ ಚಪ್ಪಾಳೆ ತಟ್ಟಿಸುತ್ತೇವೆ. ಈ ಸಲವೂ ಆ ಪಟ್ಟಿ ವರದಿಯಲ್ಲಿದೆ, ತಾವು ಓದಿಕೊಳ್ಳಬಹುದು. ಆದರೆ ಈ ವರ್ಷ ಅರ್ಜಿ ನೋಡುವ ಸಮಿತಿಯಲ್ಲಿ ಕುಳಿತ ನಮಗೆ ಬೇರೊಂದು ಮಾತನ್ನು ತಮ್ಮ ಮುಂದೆ ಇಡಬೇಕೆನ್ನಿಸಿತು. ಅದು ನಮ್ಮದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ನಮ್ಮ ನಿಯಮ ತಮಗೆಲ್ಲ ಗೊತ್ತು. ಹಾಜರಿ ನೂರಕ್ಕೆ 75 ಇರಬೇಕು. ಈ ಸಲ ಜುಲೈ ತಿಂಗಳಲ್ಲಿ ಅರ್ಜಿಗಳನ್ನು ಗುಂಪು ಮಾಡುತ್ತಿದ್ದಾಗ ಚಂದಗುಳಿ ಕಡೆಯ ಒಬ್ಬ ಹುಡುಗಿಯ ಅರ್ಜಿ ಕೈಗೆ ಬಂತು. ಎಂಟನೆಯ ತರಗತಿ ಮುಗಿಸಿದ ಹುಡುಗಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಶಾಲೆಗೆ ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚು. ಅಂಕವೂ ಇಳಿದಿತ್ತು. ನಾವು ಅದನ್ನು ಬದಿಗಿಟ್ಟೆವು. ಬದಿಗಿಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಚಹಾ ಕುಡಿಯುವಾಗ ನಮ್ಮಲ್ಲೊಬ್ಬರು ಹಳೆಯದೊಂದು ವಿಷಯ ಎತ್ತಿದರು. ಕೆಲವು ವರ್ಷಗಳ ಹಿಂದೆ ಇದೇ ರೀತಿ ಹಾಜರಿ ಕಡಿಮೆಯೆಂದು ಒಬ್ಬ ಹುಡುಗಿಯ ಅರ್ಜಿಯನ್ನು ನಾವು ತಿರಸ್ಕರಿಸಿದ್ದೆವು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮನೆಯ ಅಡುಗೆ, ನೀರು, ತಮ್ಮಂದಿರು ಎಲ್ಲ ಇವಳ ಮೇಲೇ ಬಿದ್ದಿದೆ ಎಂಬುದು ಒಂದು ವರ್ಷದ ಮೇಲೆ ನಮಗೆ ಗೊತ್ತಾಯಿತು. ಅಷ್ಟರಲ್ಲಿ ಅವಳು ಶಾಲೆ ಬಿಟ್ಟಾಗಿತ್ತು. ನಾವು ಹೋಗಿ ಕೇಳಿದೆವು, ಹೇಳಿದೆವು. ಅವಳು ಮರಳಿ ಬರಲಿಲ್ಲ. ನಮ್ಮ ಹಣ ಹೆಚ್ಚಿನ ಅಗತ್ಯವಿದ್ದ ವರ್ಷದಲ್ಲಿ ನಾವು ಹಾಜರಿ ಪುಸ್ತಕ ನೋಡಿದೆವು, ಮನೆ ನೋಡಲಿಲ್ಲ.

ಆದ್ದರಿಂದ ಈ ಸಲ ಎದ್ದು ಹೋದೆವು. ಸಮಿತಿಯ ಇಬ್ಬರು ಒಂದು ಶುಕ್ರವಾರ ಸಂಜೆ ಆ ಮನೆಯ ಬಾಗಿಲಿಗೆ ನಿಂತೆವು. ಇದನ್ನು ಇಲ್ಲಿ ಹೇಳಲು ಆ ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಹೆಸರು ಹೇಳುವುದಿಲ್ಲ.

ತಂದೆ ಬೈಕಿನ ಮೇಲೆ ಮೀನು ಮಾರುವವರು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು, ಅರಬೈಲ್ ಘಟ್ಟ ಇಳಿದು, ಅಂಕೋಲೆಯಿಂದ ಮೀನು ತಂದು ಹಳ್ಳಿಗಳಲ್ಲಿ ಮಾರುವ ಕಸುಬು. ಮನೆಯಲ್ಲಿ ಹೆಂಡತಿ, ಈ ಹುಡುಗಿ, ಎರಡನೆಯ ತರಗತಿಯ ಮಗ, ಕಣ್ಣು ಮಂಜಾದ ದಾದಿ. ಡಿಸೆಂಬರಿನಲ್ಲಿ ಹೆಂಡತಿಗೆ ವಾರಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ. ತೂಕ ಇಳಿಯುತ್ತಾ ಬಂತು. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ಗೊತ್ತಾಯಿತು. ಸರ್ಕಾರಿ ಮಾತ್ರೆ ಶುರುವಾಯಿತು. ಮಾತ್ರೆಗೆ ಹಣ ಕೊಡಬೇಕಾಗಿರಲಿಲ್ಲ. ಕಷ್ಟವಾದದ್ದು ಉಳಿದದ್ದೆಲ್ಲ.

ಅವರು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ನಿಮೋನಿಯ ಎಂದರು. ಹೇಳಿದರೆ ಮೀನು ಯಾರು ಕೊಳ್ಳುತ್ತಾರೆ ಎಂಬ ಭಯ. ನಾಳೆ ಮಗಳಿಗೆ ಸಂಬಂಧ ಕೇಳಿ ಯಾರು ಬರುತ್ತಾರೆ ಎಂಬ ಭಯ. ಶಾಲೆಗೂ ಹೇಳಲಿಲ್ಲ. ತಂದೆ ನಾಲ್ಕಕ್ಕೆ ಹೊರಟರೆ ಮಗಳು ಐದಕ್ಕೆ ಎದ್ದು ನೀರು ತುಂಬಿ, ಅನ್ನ ಮಾಡಿ, ತಮ್ಮನಿಗೆ ಉಣ್ಣಿಸಿ, ಅಮ್ಮಿಗೆ ಮಾತ್ರೆ ಕೊಟ್ಟು, ದಾದಿಯನ್ನು ಬಚ್ಚಲಿಗೆ ಕರೆದೊಯ್ದು ಮುಗಿಸುವಷ್ಟರಲ್ಲಿ ಶಾಲೆಯ ಮೊದಲ ಗಂಟೆ ಹೊಡೆದಿರುತ್ತಿತ್ತು. ತಡವಾಗಿ ಹೋಗಲು ನಾಚಿಕೆ. ಆದ್ದರಿಂದ ಹೋಗುತ್ತಲೇ ಇರಲಿಲ್ಲ.

ಫೆಬ್ರುವರಿಯಲ್ಲಿ ಅವಳ ತರಗತಿಯ ಶಿಕ್ಷಕಿ ರಸ್ತೆಯಲ್ಲಿ ಇವರ ಬೈಕು ನಿಲ್ಲಿಸಿ, ಮಗಳು ಶಾಲೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಮಗಳು ದಿನಾ ಶಾಲೆಗೆ ಹೋಗುತ್ತಿದ್ದಾಳೆಂದೇ ಅವರು ನಂಬಿದ್ದರು. ಆ ದಿನದ ಬಗ್ಗೆ ಅವರು ನಮಗೆ ಹೇಳಿದ್ದು ಇಷ್ಟು: “ಅಕ್ಕೋರೆ, ನಾ ಮೀನು ತೂಗ್ತಾ ಇದ್ದೆ, ನನ್ನ ಮನೆ ಮಗಳು ತೂಗ್ತಾ ಇದ್ಳು.”

ಮರುದಿನದಿಂದ ಅವರು ಅಂಕೋಲೆಗೆ ಹೋಗುವುದನ್ನು ಬಿಟ್ಟರು. ಮೇಲೆ ಮೀನು ತರುವ ಇನ್ನೊಬ್ಬರಿಂದ ಬುಟ್ಟಿ ಕೊಂಡು, ಮಕ್ಕಳು ಶಾಲೆಗೆ ಹೋದ ಮೇಲೆ ಹತ್ತಿರದ ಊರುಗಳಲ್ಲಷ್ಟೇ ಮಾರಿ, ಮಧ್ಯಾಹ್ನಕ್ಕೆ ಮನೆ ಸೇರತೊಡಗಿದರು. ದುಡಿಮೆ ಅರ್ಧಕ್ಕಿಳಿಯಿತು. ಹೆಂಡತಿಯ ಕಿವಿಯ ಬಂಗಾರ ಅಡ ಹೋಯಿತು, ಇನ್ನೂ ಬಿಡಿಸಿಲ್ಲ. ಆದರೆ ಬೆಳಗಿನ ಅಡುಗೆಗೆ ಅವರೇ ನಿಂತರು. ಮೊದಲ ವಾರ ಅನ್ನ ತಳ ಹಿಡಿಯಿತು. ಹೆಂಡತಿ ಕಿಟಕಿ ಪಕ್ಕದ ಹಾಸಿಗೆಯಿಂದಲೇ, ಈಗ ನೀರು ಹಾಕಿ, ಈಗ ಬೆಂಕಿ ತಗ್ಗಿಸಿ ಎಂದು ಹೇಳಿಕೊಟ್ಟರು. ಮಗನ ಮಗ್ಗಿ ಒಪ್ಪಿಸಿಕೊಳ್ಳುವ ಕೆಲಸ ತಾಯಿಗೇ ಬಿಟ್ಟರು. ಅಕ್ಕಿ ಆರಿಸುವುದೂ ಅವರದೇ. ಹಾಸಿಗೆ ಹಿಡಿದವರನ್ನು ಮನೆಯ ಲೆಕ್ಕದಿಂದ ತೆಗೆದುಹಾಕಲಿಲ್ಲ ಎಂಬುದು ನಮಗೆ ಬಹಳ ದೊಡ್ಡದಾಗಿ ಕಂಡಿತು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನ ಮಾತ್ರೆ ನುಂಗಿದ ಮೇಲೆ ಮಗ ಒಂದು ಗೆರೆ ಎಳೆಯುತ್ತಿದ್ದ. ಡಿಸೆಂಬರಿನಿಂದ ಜೂನಿನವರೆಗೆ ಆ ಗೆರೆಗಳನ್ನು ನಾವು ನೋಡಿದೆವು. ಒಂದು ದಿನವೂ ತಪ್ಪಿಲ್ಲ.

ನಡುವೆ ರಂಜಾನ್ ಬಂತು. ಆಕೆ ಉಪವಾಸ ಹಿಡಿಯುತ್ತೇನೆಂದು ಹಟ ಮಾಡಿದರು. ತಿನ್ನಬೇಕು, ತೂಕ ಏರಬೇಕು ಎಂದು ಡಾಕ್ಟರು ಹೇಳಿದ್ದರೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಮೌಲವಿ ಸಾಹೇಬರು ಮನೆಗೆ ಬಂದು, ಕಾಯಿಲೆಯವರಿಗೆ ದೀನ್ ವಿನಾಯಿತಿ ಕೊಟ್ಟಿದೆ, ಗುಣವಾದ ಮೇಲೆ ಆ ದಿನಗಳನ್ನು ತೀರಿಸಬಹುದು ಎಂದು ತಿಳಿಹೇಳಿದರು. ಇಫ್ತಾರಿನ ಹೊತ್ತಿಗೆ ಎಲ್ಲರ ಜೊತೆ ದಸ್ತರ್‌ಖಾನಿಗೆ ಬಂದು ಕೂರುವುದು ಆಕೆಯ ಪಾಲಿನ ರಂಜಾನ್ ಆಯಿತು.

ಮೌಲವಿ ಸಾಹೇಬರಿಗೆ ವಿಷಯ ಗೊತ್ತಾದ ಮೇಲೆಯೇ ಬಾಜೂ ಮನೆಯವರಿಗೂ ಹೇಳುವ ಧೈರ್ಯ ಬಂತಂತೆ. ಬಾಜೂ ಮನೆಯ ಹೆಗಡೆ ಅಮ್ಮ ಅಂದಿನಿಂದ ದಿನಕ್ಕೊಂದು ತಂಬಿಗೆ ಹಾಲು ಕಳಿಸಿದರು. ಚಂದಗುಳಿಯ ಗಣಪತಿಗೆ ಹರಕೆ ತೀರಿದವರು ಗಂಟೆ ಕಟ್ಟುವುದು ತಮಗೆಲ್ಲ ಗೊತ್ತು. ಇವಳು ಎದ್ದು ಓಡಾಡಿದರೆ ಒಂದು ಗಂಟೆ ಕಟ್ಟುತ್ತೇನೆಂದು ಆ ತಾಯಿ ಹೇಳಿಕೊಂಡಿದ್ದರಂತೆ. ಜೂನಿನಲ್ಲಿ ಔಷಧ ಮುಗಿಯಿತು. ಆಕೆ ಈಗ ಎದ್ದು ಓಡಾಡುತ್ತಿದ್ದಾರೆ, ಅಲ್‌ಹಮ್‌ದುಲಿಲ್ಲಾಹ್.

ಸಭಿಕರೇ, ಆ ತಂದೆ ನಮಗೆ ಒಂದು ಮಾತು ಹೇಳಿದರು. ಗಂಡಸು ಮನೆಯಲ್ಲಿ ಕೂತ ಎಂದು ಜನ ಆಡಿಕೊಂಡರು ಎಂದು. ಅದಕ್ಕೆ ಉತ್ತರ ನಮ್ಮ ಚರಿತ್ರೆಯಲ್ಲೇ ಇದೆ. ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ಬದ್ರ್ ಯುದ್ಧಕ್ಕೆ ಹೊರಟಾಗ ಪ್ರವಾದಿಯವರ ಮಗಳು ಹಜ್ರತ್ ರುಕಯ್ಯಾ ಕಾಯಿಲೆ ಬಿದ್ದಿದ್ದರು. ಅವರ ಪತಿ ಹಜ್ರತ್ ಉಸ್ಮಾನರಿಗೆ ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮರು ಮದೀನಾದಲ್ಲೇ ಉಳಿದು ಹೆಂಡತಿಯ ಆರೈಕೆ ಮಾಡಲು ಹೇಳಿದರು. ಬದ್ರ್‌ನಲ್ಲಿ ಇದ್ದವರಿಗೆ ಸಿಗುವ ಪುಣ್ಯವೂ ಪಾಲೂ ಮನೆಯಲ್ಲಿ ಉಳಿದ ಉಸ್ಮಾನರಿಗೂ ಸಿಕ್ಕಿತು. ರುಕಯ್ಯಾ ಬದುಕಲಿಲ್ಲ. ಆದರೂ ಆ ಆರೈಕೆಯ ಲೆಕ್ಕ ಕಡಿಮೆಯಾಗಲಿಲ್ಲ. ಮುಂದೆ ಮೂರನೆಯ ಖಲೀಫರಾದ ಮನುಷ್ಯ ಅವರು. ಕಾಯಿಲೆಯ ಮನೆಯಲ್ಲಿ ಉಳಿಯುವುದು ಹೇಡಿತನವಲ್ಲ ಎಂದು ತೋರಿಸಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಕ್ಷಯದ ಬಗ್ಗೆ ಎರಡು ಮಾತು. ಇದು ಯಾರ ಪಾಪದ ಫಲವೂ ಅಲ್ಲ, ಬಡವರಿಗೆ ಮಾತ್ರ ಬರುವುದೂ ಅಲ್ಲ. ಮೈಸೂರು ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸಂಸಾರವನ್ನೂ ಅದು ಬಿಡಲಿಲ್ಲ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರೇ ಇದೆ. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಈ ರೋಗಕ್ಕೆ ಕಾರಣ ಒಂದು ರೋಗಾಣು ಎಂದು ಲೋಕಕ್ಕೆ ತಿಳಿಸಿದರು. ಹಾಗಾಗಿ ಆ ದಿನವೇ ವಿಶ್ವ ಕ್ಷಯ ದಿನ. ರೋಗಾಣು ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ತಟ್ಟೆ ಲೋಟದಿಂದಲ್ಲ, ಬಟ್ಟೆಯಿಂದಲ್ಲ. ಆ ಮನೆಯಲ್ಲಿ ಮೊದಲು ತಾಯಿಯ ತಟ್ಟೆ ಬೇರೆ ಇಟ್ಟಿದ್ದರು. ಆಶಾ ಕಾರ್ಯಕರ್ತೆ ಬಂದು, ತಟ್ಟೆ ಬೇರೆ ಮಾಡುವ ಬದಲು ಕಿಟಕಿ ತೆರೆಯಿರಿ, ಬಾಯಿಗೆ ಬಟ್ಟೆ ಹಿಡಿಯಿರಿ, ಮಕ್ಕಳನ್ನು ಪರೀಕ್ಷೆಗೆ ಕರೆತನ್ನಿ ಎಂದರು. ಸರಿಯಾದ ಮಾತ್ರೆ ಶುರುವಾಗಿ ಕೆಲವು ವಾರ ಕಳೆದರೆ ಹರಡುವ ಭಯ ಬಹಳ ಇಳಿಯುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೈ ಹಗುರಾಯಿತೆಂದು ನಡುವೆ ಬಿಟ್ಟರೆ ರೋಗ ಮರಳಬಹುದು, ಆಗ ಮದ್ದಿಗೆ ಬಗ್ಗದೆಯೂ ಇರಬಹುದು.

ಹಿಂದೆ ಕ್ಷಯ ಬಂದವರನ್ನು ಮನೆಯಿಂದ ದೂರ ಸ್ಯಾನಟೋರಿಯಮ್ಮಿಗೆ ಕಳಿಸುತ್ತಿದ್ದರು. 1956ರಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಮ್ಮಿನಲ್ಲಿ, ಕೆಲವರಿಗೆ ಅವರವರ ಇಕ್ಕಟ್ಟಿನ ಮನೆಗಳಲ್ಲೇ ಅದೇ ಔಷಧ ಕೊಟ್ಟರು. ಸ್ಯಾನಟೋರಿಯಮ್ಮಿನವರಿಗೆ ಒಳ್ಳೆಯ ಊಟ, ವಿಶ್ರಾಂತಿ ಸಿಕ್ಕಿತು. ಮನೆಯವರಿಗೆ ಅದು ಸಿಗಲಿಲ್ಲ. ಆದರೂ ಔಷಧ ತಪ್ಪದೆ ತೆಗೆದುಕೊಂಡ ಮನೆಯ ರೋಗಿಗಳೂ ಹೆಚ್ಚು ಕಡಿಮೆ ಅಷ್ಟೇ ಗುಣವಾದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗಲಲೂ ಇಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಲೋಕವೇ ಮನೆಯ ಚಿಕಿತ್ಸೆಯ ಕಡೆಗೆ ತಿರುಗಿತು. ಇದರ ಅರ್ಥ ಏನು? ಮನೆಯೇ ಆಸ್ಪತ್ರೆಯಾಯಿತು. ಆ ಆಸ್ಪತ್ರೆಯನ್ನು ನಡೆಸುವವರು ಮನೆಯವರೇ ಆದರು. ಅವರಿಗೆ ಸಂಬಳವಿಲ್ಲ, ರಜೆಯಿಲ್ಲ. ಅವರ ಬಗ್ಗೆ ನಾವು ಯೋಚಿಸಬೇಕಾದದ್ದು ಈ ಕಾರಣಕ್ಕೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಸಿದ್ದಾಪುರದವರನ್ನು ಇತ್ತೀಚಿನ ವರ್ಷಗಳಲ್ಲೂ ಕಾಡಿದೆ. ಉಣುಗು ಕಚ್ಚಿ ಬರುವ ಈ ಜ್ವರದ ಕಾಲ ಮಳೆ ಮುಗಿದ ಮೇಲಿನ ಚಳಿಗಾಲ, ಬೇಸಗೆ. ಅದೇ ಮಕ್ಕಳ ಪರೀಕ್ಷೆಯ ಕಾಲವೂ ಹೌದು. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿತ್ರಾಣ. ತೋಟದ ಕೂಲಿಗೆ ಹೋಗುವವರ ಮನೆಯಲ್ಲಿ ಅಷ್ಟೂ ವಾರ ಒಲೆ ಹೇಗೆ ಉರಿಯಬೇಕು? ಇನ್ನು ದೊಡ್ಡ ಕಾಯಿಲೆ ಬಂದರೆ ಯಲ್ಲಾಪುರದವರು ಸುಮಾರು 70 ಕಿ.ಮೀ. ದೂರದ ಹುಬ್ಬಳ್ಳಿಗೆ ಓಡಬೇಕು. ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ ಹೋಗುವವರೂ ಇದ್ದಾರೆ. ರೋಗಿಯ ಜೊತೆ ಒಬ್ಬರು ಹೋದರೆ ಮನೆಯಲ್ಲಿ ಉಳಿಯುವುದು ಮಕ್ಕಳು ಮಾತ್ರ.

ಅದಕ್ಕಾಗಿ ಪಾಲಕರಿಗೆ ನಮ್ಮ ವಿನಂತಿಗಳು ಕೆಲವು.

ಮೊದಲನೆಯದು, ಮಕ್ಕಳಿಗೆ ನಿಜ ಹೇಳಿ. ವಯಸ್ಸಿಗೆ ತಕ್ಕ ಹಾಗೆ, ಚಿಕ್ಕ ಮಾತಿನಲ್ಲಿ ಹೇಳಿ. ಕ್ಷಯದ ಮಾತ್ರೆಯಿಂದ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಮನೆಯ ಚಿಕ್ಕ ಮಗ ಅದನ್ನು ನೋಡಿ ಅಮ್ಮಿಗೆ ರಕ್ತ ಹೋಗುತ್ತಿದೆ, ಸಾಯುತ್ತಾಳೆ ಎಂದು ಎರಡು ದಿನ ಯಾರಿಗೂ ಹೇಳದೆ ಅತ್ತಿದ್ದನಂತೆ. ಇದು ಮಾತ್ರೆಯ ಬಣ್ಣ ಎಂದು ಮೊದಲೇ ಹೇಳಿದ್ದರೆ ಅಷ್ಟೇ ಸಾಕಿತ್ತು.

ಎರಡನೆಯದು, ಮನೆಯಲ್ಲಿ ಎರಡು ಹೊತ್ತನ್ನಾದರೂ ಕಾಯ್ದುಕೊಳ್ಳಿ. ರಾತ್ರಿ ಊಟದ ಹೊತ್ತು, ಮಲಗುವ ಹೊತ್ತು. ಗಂಜಿ ಉಪ್ಪಿನಕಾಯಿ ಆದರೂ ಚಿಂತೆಯಿಲ್ಲ, ಒಟ್ಟಿಗೆ ಕೂತು ಉಣ್ಣಿ. ಎಲ್ಲ ಅಲುಗಾಡುವಾಗ ಮಕ್ಕಳು ಹಿಡಿದುಕೊಳ್ಳುವುದು ಇಂಥ ಸಣ್ಣ ಪದ್ಧತಿಗಳನ್ನೇ.

ಮೂರನೆಯದು, ಕೆಲಸ ಹಂಚಿ. ಹಿರಿಯ ಮಗಳು ಇದ್ದಾಳಲ್ಲ ಎಂದು ಎಲ್ಲವನ್ನೂ ಅವಳ ತಲೆಗೆ ಹೊರಿಸಬೇಡಿ. ಗಂಡು ಮಗ ನೀರು ತರಲಿ, ಪಾತ್ರೆ ತೊಳೆಯಲಿ. ತಂದೆಯಾದವರು ಒಲೆ ಮುಂದೆ ನಿಂತರೆ ಮರ್ಯಾದೆ ಹೋಗುವುದಿಲ್ಲ. ಪ್ರವಾದಿಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈ ಜೋಡಿಸುತ್ತಿದ್ದರು ಎಂದು ಹಜ್ರತ್ ಆಯಿಶಾ ಅವರೇ ತಿಳಿಸಿದ್ದಾರೆ.

ನಾಲ್ಕನೆಯದು, ಶಾಲೆಗೆ ಹೇಳಿ. ಊರಿಗೆಲ್ಲ ಸಾರಬೇಕಿಲ್ಲ. ತರಗತಿಯ ಶಿಕ್ಷಕರಿಗೆ ಮಾತ್ರ ಒಂದು ಮಾತು ತಿಳಿಸಿ. ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಮೊದಲು ಅವರು ಯೋಚಿಸುತ್ತಾರೆ. ಶಿಕ್ಷಕರಾಗಿ ಅಷ್ಟು ವರ್ಷ ಕಳೆದ ನಾವೂ ಹಾಗೆ ಹೊರಗೆ ನಿಲ್ಲಿಸಿದವರೇ. ಎಷ್ಟು ಮಕ್ಕಳ ಮನೆಯಲ್ಲಿ ಯಾರು ಮಲಗಿದ್ದರೋ, ನಾವು ಕೇಳಲಿಲ್ಲ.

ಐದನೆಯದು, ಹಕ್ಕಿನದ್ದನ್ನು ಕೇಳಿ ಪಡೆಯಿರಿ. ಕ್ಷಯದ ಚಿಕಿತ್ಸೆ ನಡೆಯುತ್ತಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಅದು ಬ್ಯಾಂಕ್ ಖಾತೆಗೇ ಬರುತ್ತದೆ, ಆದ್ದರಿಂದ ಖಾತೆ ಸರಿಯಾಗಿರಲಿ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಇದೆ. ಕಾಯಿಲೆ ಬಂದ ಮೇಲೆ ಕಾರ್ಡಿಗೆ ಓಡಬೇಡಿ, ಇಂದೇ ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರು ಇದೆಯೇ ನೋಡಿಕೊಳ್ಳಿ. ಇಂಥ ಕಾಗದಗಳಿಗೆ ಟ್ರಸ್ಟಿನ ಕಚೇರಿಯಲ್ಲಿ ಸಹಾಯ ಮಾಡುತ್ತೇವೆ.

ಇನ್ನು ದಾನಿಗಳಿಗೆ ಒಂದು ಮಾತು. ತಾವು ಕೊಡುವ ಶೇ 2.5ರ ಜಕಾತ್ ಮತ್ತು ಮನಸ್ಸಿನಿಂದ ಕೊಡುವ ಸದಕಾ ಈ ಟ್ರಸ್ಟಿನ ಉಸಿರು. ಕಾಯಿಲೆಯವರನ್ನು ನೋಡಲು ಹೋಗುವುದು, ಇಯಾದತ್, ನಮ್ಮಲ್ಲಿ ದೊಡ್ಡ ಪುಣ್ಯ. ತಾವೆಲ್ಲ ಹೋಗುತ್ತೀರಿ, ಹಣ್ಣು ಒಯ್ಯುತ್ತೀರಿ. ಮುಂದಿನ ಸಲ ಹೋದಾಗ ಮಲಗಿದವರನ್ನು ಕೇಳಿದ ಮೇಲೆ, ಮನೆ ನಡೆಸುತ್ತಿರುವವರನ್ನೂ ಕೇಳಿ. ರಾತ್ರಿ ನಿದ್ದೆ ಆಗುತ್ತಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಅಂಗಡಿಯ ಬಾಕಿ ಎಷ್ಟಿದೆ? ಸೇಬಿನ ಬದಲು ಒಂದು ವಾರದ ಅಕ್ಕಿ ಬೇಳೆ, ಇಲ್ಲವೇ ಹುಬ್ಬಳ್ಳಿಯ ಬಸ್ ಚಾರ್ಜು ಅವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಅದಕ್ಕಿಂತ ದೊಡ್ಡ ಸಹಾಯ, ಎರಡು ತಾಸು ಆ ಮನೆಯ ಮಕ್ಕಳನ್ನು ತಮ್ಮ ಮನೆಯಲ್ಲಿ ಕೂರಿಸಿ ಓದಿಸುವುದು. ಅದಕ್ಕೆ ರಸೀದಿ ಕೊಡಲು ನಮಗೆ ಬರುವುದಿಲ್ಲ. ಅದರ ಲೆಕ್ಕ ಅಲ್ಲಾಹನ ಬಳಿ ಇದೆ.

ಕೊನೆಯದಾಗಿ, ಸಮಿತಿಯ ತೀರ್ಮಾನ. ಆ ಹುಡುಗಿಯ ಅರ್ಜಿಯನ್ನು ಮಂಜೂರು ಮಾಡಿದ್ದೇವೆ. ಅವಳು ಈಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ಅಂಕ ಇನ್ನೂ ಮೊದಲಿನಷ್ಟಕ್ಕೆ ಬಂದಿಲ್ಲ. ಬರಬೇಕೆಂಬ ಷರತ್ತನ್ನೂ ನಾವು ಹಾಕಿಲ್ಲ.

ಮುಂದಿನ ವರ್ಷದಿಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಹೊಸ ಕಲಂ ಇರುತ್ತದೆ. ಕಳೆದ ವರ್ಷ ಮನೆಯಲ್ಲಿ ಯಾರಿಗಾದರೂ ದೀರ್ಘ ಕಾಯಿಲೆ ಇತ್ತೇ, ಮನೆಯ ಕೆಲಸ ಯಾರು ನೋಡಿಕೊಂಡರು ಎಂದು ಅಲ್ಲಿ ಕೇಳುತ್ತೇವೆ. ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ. ಬರೆದದ್ದನ್ನು ಸಮಿತಿಯವರ ಹೊರತು ಬೇರೆ ಯಾರೂ ನೋಡುವುದಿಲ್ಲ. ಅಂಥ ಮನೆಯ ಮಕ್ಕಳಿಗೆ ಹಾಜರಿಯ ನಿಯಮ ಅನ್ವಯಿಸುವುದಿಲ್ಲ. ಸಮಿತಿಯ ಇಬ್ಬರು ಮನೆಗೆ ಬಂದು ಮಾತಾಡಿಸದೆ ಯಾವ ಅರ್ಜಿಯನ್ನೂ ಹಾಜರಿಯ ಕಾರಣಕ್ಕೆ ತಿರಸ್ಕರಿಸುವುದಿಲ್ಲ. ಕಲಂ ತುಂಬಲು ನಾಚಿಕೆ ಪಡಬೇಡಿ. ಬರೆಯಲು ಬಾರದವರು ಕಚೇರಿಗೆ ಬಂದು ಬಾಯಲ್ಲಿ ಹೇಳಿದರೂ ಸಾಕು.

ಶಾಲೆ ಬಿಟ್ಟ ಆ ಮೊದಲ ಹುಡುಗಿಗೆ ಈ ಕಲಂ ಉಪಯೋಗಕ್ಕೆ ಬರಲಿಲ್ಲ. ಅವಳಿಂದ ನಾವು ಕಲಿತದ್ದು ಇನ್ನೊಬ್ಬಳಿಗಾದರೂ ಬರಲಿ. ಕಾಯಿಲೆಯ ಮನೆಗಳಲ್ಲಿ ಒಲೆ ಆರದಂತೆ, ಪುಸ್ತಕ ಮುಚ್ಚದಂತೆ ನೋಡಿಕೊಳ್ಳುತ್ತಿರುವ ತಂದೆ ತಾಯಂದಿರಿಗೆ ಅಲ್ಲಾಹನು ಶಕ್ತಿ ಕೊಡಲಿ, ಮಲಗಿದವರಿಗೆ ಶಿಫಾ ಕೊಡಲಿ, ಆಮೀನ್.